ಹಾಡೋರಿಗೆ ಇಪ್ಪತ್ತೈದು

ಅಡುಗೆಮನೆಯಿಂದ ಹುರಿದಕ್ಕಿಯ ವಾಸನೆ ಬಂತು. ಮರುದಿನ ಮನೆದೇವರಿಗೆ ತಂಬಿಟ್ಟು ಆಗಬೇಕೆಂದು ನನ್ನ ತಮ್ಮನ ಹೆಂಡತಿ ಬಾಣಲೆಯಲ್ಲಿ ಅಕ್ಕಿ ಹುರಿಯುತ್ತಿದ್ದಳು. ಅವಳ ಮಗನ ಮದುವೆಗೆ ಇನ್ನು ಮೂರು ವಾರವಿತ್ತು. ಹೊರಗೆ ಪಡಸಾಲೆಯಲ್ಲಿ ಕಪ್ಪು ಟೀಶರ್ಟಿನ ಮೂವರು ಮಹನೀಯರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಮದುವೆಯ ವಿಡಿಯೋ ತೆಗೆಯುವವರು. ಅವರಲ್ಲಿ ಮುಖ್ಯಸ್ಥರಂತೆ ಕಂಡವರು, ಮನೆಗೆ ಹಿರಿಯನೆಂಬ ಒಂದೇ ಅರ್ಹತೆಯ ಮೇಲೆ, ನನ್ನನ್ನು ಕೇಳಿದರು: "ಸಾರ್, ಟ್ವೆಂಟಿ ಫೋರಲ್ಲಿ ತೆಗೀಲಾ, ಸಿಕ್ಸ್ಟಿಯಲ್ಲಿ ತೆಗೀಲಾ?"

ಉತ್ತರಕ್ಕೆ ಬಾಯಿ ತೆರೆದವನು ಆ ವಾಸನೆಗೆ ಹಾಗೇ ನಿಂತುಬಿಟ್ಟೆ.

ಹುರಿದಕ್ಕಿ ಎಂದರೆ ಉಳಿದವರಿಗೆ ತಂಬಿಟ್ಟು. ನನಗೆ ಅದು ಒಂದು ಕಪ್ಪು ರೆಕ್ಸಿನ್ ಚೀಲ. ನಮ್ಮ ಹೊಸೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರೊಬ್ಬರ ಕ್ಯಾಮೆರಾ ಚೀಲ. ಅದರ ಮೂಲೆಯಲ್ಲಿ ಬಿಳಿ ಬಟ್ಟೆಯ ಒಂದು ಪುಟ್ಟ ಗಂಟು, ಗಂಟಿನೊಳಗೆ ಹುರಿದ ಅಕ್ಕಿ. ಲೆನ್ಸಿಗೆ ತೇವ ತಗುಲಿ ಬೂಷ್ಟು ಹಿಡಿಯಬಾರದೆಂದು ಅವರು ಕಂಡುಕೊಂಡಿದ್ದ ಉಪಾಯ. ಅಮಾವಾಸ್ಯೆಗೊಮ್ಮೆ ಹಳೆಯ ಅಕ್ಕಿಯನ್ನು ಗುಬ್ಬಚ್ಚಿಗೆ ಹಾಕಿ ಹೊಸದು ಹುರಿದು ತುಂಬುತ್ತಿದ್ದರು. ಕ್ಯಾಮೆರಾದ ಜೊತೆ ಕಂಪನಿಯವರೇ ಕೊಡುವ ಪೊಟ್ಟಣ ಇರುತ್ತದಲ್ಲ ಎಂದು ಒಮ್ಮೆ ಕೇಳಿದ್ದೆ. "ಅದ್ರಾಗೇನಿದೆಯೋ ನಂಗೇನ್ ಗೊತ್ತು ಮೇಷ್ಟ್ರೇ? ಅಕ್ಕಿ ಆದ್ರೆ ನಾನೇ ಹುರಿದಿರೋದು" ಎಂದಿದ್ದರು. ಇಂಥ ಮನುಷ್ಯನ ಜೊತೆ ವಾದ ಮಾಡಲು ಬರುವುದಿಲ್ಲ.

ಮನೆಯಲ್ಲಿ ತೆಲುಗು, ಪೇಟೆಯಲ್ಲಿ ತಮಿಳು, ನನ್ನಂಥವರ ಜೊತೆ ಕನ್ನಡ, ಹೀಗೆ ಮೂರರಲ್ಲೂ ಅಷ್ಟೇ ಕಡಿಮೆ ಮಾತಾಡುತ್ತಿದ್ದವರು ಅವರು. ನಾನು ಮೇಷ್ಟ್ರಾಗಿದ್ದ ಗಡಿ ಭಾಗದ ಕನ್ನಡ ಶಾಲೆಗೆ ವರ್ಷಕ್ಕೊಮ್ಮೆ ಗ್ರೂಪ್ ಫೋಟೋ ತೆಗೆಯಲು ಬರುತ್ತಿದ್ದರು. ಹೊಸೂರಿನಿಂದ ಜವಳಗಿರಿಯವರೆಗೆ ಯಾವ ಹಳ್ಳಿಯಲ್ಲಿ ಮದುವೆಯಾದರೂ ಆ ರೆಕ್ಸಿನ್ ಚೀಲ ಚಪ್ಪರದ ಕಂಬಕ್ಕೆ ತೂಗುಬಿದ್ದಿರುತ್ತಿತ್ತು.

ಅವರದೊಂದು ಪದ್ಧತಿ. ಮದುವೆಗೆ ವಾರವಿರುವಾಗ ಮನೆಗೆ ಬರುವರು. ಜಗುಲಿಯ ಮೇಲೆ ಕೂತು, ಕಾಫಿ ಕುಡಿದು, ಜೇಬಿನಿಂದ ಒಂದು ನೋಟ್‌ಬುಕ್ ತೆಗೆದು ಮೂರು ಪ್ರಶ್ನೆ ಕೇಳುವರು. ಮದುವೆಯಲ್ಲಿ ಮಾತಾಡೋರು ಯಾರು? ಹಾಡೋರು ಯಾರು? ಓಡಾಡೋರು ಯಾರು? ಜನ ನಗುತ್ತಿದ್ದರು. ಜನಗಣತಿಗೆ ಬಂದಿದ್ದೀರೋ, ವಿಡಿಯೋ ತೆಗೆಯಲು ಬಂದಿದ್ದೀರೋ ಎಂದು ನಾನೂ ಕೇಳಿದ್ದುಂಟು. ಅವರು ನಗದೆ ಒಂದೊಂದು ಹೆಸರಿನ ಮುಂದೆ ಒಂದೊಂದು ಸಂಖ್ಯೆ ಬರೆದುಕೊಳ್ಳುತ್ತಿದ್ದರು. ಮಾತಾಡೋರಿಗೆ ಇಪ್ಪತ್ತೈದು. ಹಾಡೋರಿಗೆ ಇಪ್ಪತ್ತೈದು. ಓಡಾಡೋ ಮಕ್ಕಳಿಗೆ, ತಲೆಯ ಮೇಲೆ ಬೀಳೋ ಅಕ್ಷತೆಗೆ ಐವತ್ತು.

ಏನಿದರ ಅರ್ಥ ಎಂದು ಕೇಳಿದ್ದಕ್ಕೆ ಶಿಷ್ಯನಿಗೆ ಹೇಳುವಂತೆ ನನಗೆ ಹೇಳಿಕೊಟ್ಟಿದ್ದರು. "ಒಂದು ಸೆಕೆಂಡನ್ನ ಇಪ್ಪತ್ತೈದು ಚಿತ್ರ ಮಾಡ್ತೀವಿ ಮೇಷ್ಟ್ರೇ. ಅದನ್ನ ಇಪ್ಪತ್ತೈದರಂಗೇ ತೋರ್ಸುದ್ರೆ ಮನುಷ್ಯ ಮನುಷ್ಯನ ಥರ ನಡೀತಾನೆ. ಐವತ್ತು ತೆಗೆದು ಇಪ್ಪತ್ತೈದರಂಗೆ ತೋರ್ಸುದ್ರೆ ಅರ್ಧ ಬಿರುಸು. ಬೀಳೋ ಅಕ್ಕಿ ಕಾಳನ್ನ ಎಣಿಸಬೋದು. ಆದ್ರೆ ಮಾತಾಡೋ ಮನುಷ್ಯನ್ನ ಹಂಗೆ ಮಾಡ್ಬಾರ್ದು. ಅವ್ನು ಅವ್ನಲ್ಲ ಆಗ್ಬುಡ್ತಾನೆ."

ಮೂವತ್ತೆರಡು ವರ್ಷ ಪಾಠ ಮಾಡಿದ ನಾನು ಅದನ್ನು ಕೇಳಿ ತಲೆಯಾಡಿಸಿ ಮರೆತೆ. ನನ್ನ ಕೊನೆಯ ಬೆಂಚಿನ ಹುಡುಗರು ಮಾಡುತ್ತಿದ್ದುದೂ ಅದನ್ನೇ.

ಒಂಬತ್ತು ವರ್ಷದ ಹಿಂದೆ ನನ್ನ ಮಗಳ ಮದುವೆ ಬಂತು. ಸ್ಟುಡಿಯೋದವರು ನಮ್ಮ ಅವಲಪಲ್ಲಿಯ ಮನೆಗೆ ಬಂದರು, ಕಾಫಿ ಕುಡಿದರು, ಕೇಳಿದರು. ಹಾಡೋರು ಯಾರು?

ಹಾಡೋರು ನನ್ನ ಅತ್ತೆ. ನಮ್ಮಪ್ಪನ ತಂಗಿ, ಜವಳಗಿರಿಗೆ ಕೊಟ್ಟಿದ್ದವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅವಳ ಸೋಬಾನ ಪದ ಇಲ್ಲದೆ ನಮ್ಮ ವಂಶದಲ್ಲಿ ಒಂದು ಹೆಣ್ಣೂ ಹಸೆಮಣೆ ಬಿಟ್ಟು ಎದ್ದಿರಲಿಲ್ಲ. ಗಂಡಿನ ಕಡೆಯವರ ಕಾಲೆಳೆಯುವ ಒಂದು ಉದ್ದ ಹಾಡು ಅವಳಿಗೆ ತನ್ನ ಅಜ್ಜಿಯಿಂದ ಬಂದದ್ದು. ಅದು ಅವಳೊಬ್ಬಳಿಗೇ ಬರುತ್ತಿತ್ತು. ಅಂದು ಜಗುಲಿಯ ಮೇಲೆ ಅವಳೂ ಇದ್ದಳು. ಕ್ಯಾಮೆರಾದಲ್ಲಿ ದನಿಯೂ ಬೀಳುತ್ತದೆಯೇ ಎಂದು ವಿಚಾರಿಸಿದಳು.

"ಬೀಳ್ತದೆ ಅತ್ತೆಮ್ಮ. ನೀವೇ ಕೂತ್ಕೊಂಡು ಕೇಳ್ಬೋದು."

"ಊರೋರೆಲ್ಲಾ ಕೇಳವ್ರೆ. ನಾನ್ ಹಾಡಿದ್ದ ನಾನೇ ಕೇಳಿಲ್ಲ ಕಣಪ್ಪ ಇದುವರ್ಗೂ" ಎಂದಳು ಅತ್ತೆ. "ಹೆಂಗಿರ್ತದೋ ಒಂದ್ಕಿತ ಕೇಳ್ಬುಟ್ಟು ಹೋಯ್ತೀನಿ."

ಸ್ಟುಡಿಯೋದವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವರು ಬರೆದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಬೀಗರ ಕಡೆಯಿಂದ ಫೋನು ಬಂತು. ವಿಡಿಯೋಗೆ ಅವರೇ ಒಂದು ತಂಡವನ್ನು ಗೊತ್ತುಮಾಡಿದ್ದರು. ಸಿನಿಮಾದಂತೆ ತೆಗೆಯುವವರಂತೆ. ನಮ್ಮ ಸ್ಟುಡಿಯೋದವರು ಬೇಕಿದ್ದರೆ ಪಕ್ಕದಲ್ಲಿ ನಿಂತು ಎರಡನೇ ಕ್ಯಾಮೆರಾ ಹಿಡಿಯಬಹುದು ಎಂಬ ಔದಾರ್ಯವನ್ನೂ ತೋರಿದರು. ನಾನು ಹೆಣ್ಣಿನ ತಂದೆ. ಹೂಂ ಎಂದೆ.

ಮದುವೆಯ ದಿನ ಛತ್ರಕ್ಕೆ ಆ ತಂಡ ಬಂದ ಗಾಂಭೀರ್ಯವನ್ನು ಏನೆಂದು ವರ್ಣಿಸಲಿ! ಆಪರೇಷನ್ ಥಿಯೇಟರಿಗೆ ಡಾಕ್ಟರುಗಳು ಬರುವಂತೆ ಬಂದರು. ಗಡ್ಡದವರೊಬ್ಬರು ಅವರ ನಾಯಕ. ಇನ್ನೊಬ್ಬರ ಕೈಯಲ್ಲಿ ಗಿಂಬಲ್ ಎಂಬ ಕೋಲು. ಹಿಡಿದವರು ಎಷ್ಟು ಕುಣಿದರೂ ಅದರ ತುದಿಯ ಕ್ಯಾಮೆರಾ ಅಲುಗುವುದಿಲ್ಲವಂತೆ. ಗಡ್ಡದವರು ನಮ್ಮ ಸ್ಟುಡಿಯೋದವರ ಕ್ಯಾಮೆರಾ ಕಡೆ ಒಮ್ಮೆ ನೋಡಿದರು. ಅಜ್ಜನ ಕಾಲದ ಕೊಡೆಯನ್ನು ನೋಡುವ ನೋಟ ಅದು.

"ಅಣ್ಣಾ, ನಿಮ್ದು ಬ್ಯಾಗಲ್ಲೇ ಇರ್ಲಿ. ನಮ್ಮ ಕ್ಯಾಮೆರಾ ಹಿಡ್ಕೊಳ್ಳಿ. ಸೆಟ್ಟಿಂಗ್ ಮಾತ್ರ ಮುಟ್ಬೇಡಿ."

"ಎಷ್ಟಕ್ಕೆ ಇಟ್ಟಿದ್ದೀರಪ್ಪ?"

"ನೂರಿಪ್ಪತ್ತು. ಎಲ್ಲಾ ಸ್ಲೋ ಮೋಷನ್. ಇಪ್ಪತ್ನಾಲ್ಕರಲ್ಲಿ ತೋರಿಸ್ತೀವಿ. ಸಿನಿಮಾ ಥರ ಬರುತ್ತೆ."

"ಈ ಛತ್ರದ ಟ್ಯೂಬ್‌ಲೈಟು ಸಿನಿಮಾದ್ದಲ್ವಲ್ಲಪ್ಪ. ನಮ್ಮ ಕರೆಂಟು ಸೆಕೆಂಡಿಗೆ ಐವತ್ತರ ಲೆಕ್ಕದಲ್ಲಿ ಓಡೋದು. ಇಪ್ಪತ್ತೈದು, ಐವತ್ತು ಆದ್ರೆ ಅದಕ್ಕೆ ಒಗ್ತದೆ. ನೂರಿಪ್ಪತ್ತಕ್ಕೆ ಬೆಳಕು ಮಿಣಮಿಣ ಅಂತದೆ."

"ಅದನ್ನೆಲ್ಲಾ ಎಡಿಟಿಂಗಲ್ಲಿ ನೋಡ್ಕೋತೀವಿ ಅಣ್ಣಾ."

ಎಡಿಟಿಂಗಲ್ಲಿ ನೋಡಿಕೊಳ್ಳುತ್ತೇವೆ! ಈ ಮಾತನ್ನು ನಾನು ಆಮೇಲೆ ಬಹಳ ಮನನ ಮಾಡಿದ್ದೇನೆ. ಮುಂದಿನ ಜನ್ಮದಲ್ಲಿ ನೋಡಿಕೊಳ್ಳೋಣ ಎಂದು ಹಿಂದಿನವರು ಹೇಳುತ್ತಿದ್ದರಲ್ಲ, ಅದರ ಈ ಕಾಲದ ರೂಪ ಇದು. ವ್ಯತ್ಯಾಸವೆಂದರೆ, ಹಿಂದಿನವರು ಹಾಗೆ ಹೇಳುವಾಗ ಕೊಂಚವಾದರೂ ನಾಚಿಕೊಳ್ಳುತ್ತಿದ್ದರು.

ಧಾರೆಯಾಯಿತು. ಊಟದ ಮೊದಲ ಪಂಕ್ತಿ ಕೂತಿತು. ಸಂಜೆಗೆ ಮುಂಚೆ ಜವಳಗಿರಿ ಸೇರಬೇಕು, ಕತ್ತಲಾದರೆ ರಸ್ತೆಗೆ ಆನೆ ಬರುತ್ತವೆ ಎಂದು ಅತ್ತೆ ಆಗಲೇ ಅವಸರ ಮಾಡುತ್ತಿದ್ದಳು. ಮಗಳನ್ನು ಹಸೆಮಣೆಯ ಮೇಲೆ ಕೂರಿಸಿ ಹಾಡಿಗೆ ಅಣಿಯಾದರು. ನಾನು ಅಡುಗೆಯವರ ಹತ್ತಿರ ಪಾಯಸ ಸಾಲದೆಂದು ಕೂಗಾಡುತ್ತಿದ್ದೆ. ಸ್ಟುಡಿಯೋದವರು ಅಲ್ಲಿಗೆ ಬಂದು ನನ್ನ ತೋಳು ಮುಟ್ಟಿದರು. ಎಂದೂ ಮುಟ್ಟಿ ಮಾತಾಡಿಸಿದವರಲ್ಲ.

"ಮೇಷ್ಟ್ರೇ, ಒಂದ್ನಿಮ್ಷ. ಅವ್ರ ಕ್ಯಾಮೆರಾ ನೂರಿಪ್ಪತ್ತಲ್ಲಿ ಇರೋವಾಗ ಸದ್ದು ಬೀಳಾಕಿಲ್ಲ. ನಾನು ನೋಡ್ದೆ, ಸದ್ದಿನ ಗೆರೆ ಅಲ್ಲಾಡ್ತಾನೇ ಇಲ್ಲ. ಅತ್ತೆಮ್ಮ ಹಾಡಕ್ಕೆ ಕೂತವ್ರೆ. ನೀವೊಂದ್ಮಾತು ಹೇಳುದ್ರೆ ಇದೊಂದು ಹಾಡು ನನ್ನ ಕ್ಯಾಮೆರಾದಲ್ಲಿ ಇಪ್ಪತ್ತೈದಕ್ಕೆ ಹಿಡ್ದುಬುಡ್ತೀನಿ."

ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ಪಾಯಸದ ಸೌಟಿನ ಪಕ್ಕದಲ್ಲಿ ನಿಂತು ನಾನು ತೀರ್ಪು ಕೊಟ್ಟೆ.

"ಮದ್ವೆ ಮನೇಲಿ ತಕರಾರು ಬ್ಯಾಡ. ಬೀಗರ ಕಡೆಯೋರು ಹೇಳ್ದಂಗೆ ಮಾಡ್ಬುಡಿ, ಎಲ್ಲಾ ಒಂದೇ ಥರ ಇರ್ಲಿ. ಸದ್ದನ್ನ ಅವ್ರು ಬೇರೆ ಹಿಡೀತಾರೆ."

ಸದ್ದನ್ನು ಅವರು ಬೇರೆ ಹಿಡಿಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಪಾಯಸದ ಕಡೆ ತಿರುಗುವ ಆತುರದಲ್ಲಿ ನಾನೇ ಹುಟ್ಟಿಸಿದ ಸುಳ್ಳು ಅದು.

ಅವರು ಹೋದರು. ಹೇಳಿದಂತೆ ಮಾಡಿದರು. ಅತ್ತೆ ಹಾಡಿದಳು. ನಾಲ್ಕಾರು ಜನ ಮೊಬೈಲು ಎತ್ತಿ ಹಿಡಿದಿದ್ದರಂತೆ. "ಮೊಬೈಲ್ ಎಲ್ಲಾ ಕೆಳಗಿಳಿಸಿ, ನಮ್ಮ ಫ್ರೇಮ್ ಹಾಳಾಗುತ್ತೆ" ಎಂದು ಗಡ್ಡದವರು ಕೂಗಿದಾಗ, ಆಜ್ಞಾಧಾರಕರಾದ ನಮ್ಮ ನೆಂಟರೆಲ್ಲ ಇಳಿಸಿದರಂತೆ. ಯಾವ ಮದುವೆಯಲ್ಲೂ ಯಾರ ಮಾತನ್ನೂ ಕೇಳದ ನೆಂಟರು ಅಂದು ಕೇಳಿದರು...

ನಾಲ್ಕು ತಿಂಗಳಾದ ಮೇಲೆ ವಿಡಿಯೋ ಬಂತು. ಅತ್ತೆ ಬೆಳಗಿನ ಬಸ್ಸಿಗೇ ಜವಳಗಿರಿಯಿಂದ ಬಂದು, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಮುಖ ತೊಳೆದು, ಟೀವಿಯ ಮುಂದೆ ಕೂತಳು. ದೇವಸ್ಥಾನಕ್ಕೆ ಹೋಗುವ ಸೀರೆ ಉಟ್ಟಿದ್ದಳು.

ಶುರುವಾಯಿತು. ನನ್ನ ಅಳಿಯ ಕಾರಿನಿಂದ ಇಳಿದರು, ಇಳಿಯುತ್ತಲೇ ಇದ್ದರು. ಛತ್ರದ ಮೆಟ್ಟಿಲನ್ನು ಗದ್ದೆಯ ಕೆಸರಿನಲ್ಲಿ ಕಾಲು ಕಿತ್ತಿಡುವಂತೆ ಹತ್ತಿದರು. ಜೀರಿಗೆ ಬೆಲ್ಲ ಆಕಾಶಕ್ಕೆ ಹೋಗಿ ಅಲ್ಲೇ ಸಂಸಾರ ಹೂಡಿತು. ನನ್ನ ಷಡ್ಡಕರು ಒಂದು ಒಬ್ಬಟ್ಟನ್ನು ಅಗಿದ ವೈಖರಿಯನ್ನು ಕಂಡು ಅವರ ಹೆಂಡತಿ ಇಂದಿಗೂ ಚೇತರಿಸಿಕೊಂಡಿಲ್ಲ. ಇಷ್ಟೆಲ್ಲದರ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿಡದೆ ಮಿಣಮಿಣ ಎನ್ನುತ್ತಿತ್ತು. ಎಡಿಟಿಂಗಿನಲ್ಲಿ ಅದನ್ನು ಯಾರೂ ನೋಡಿಕೊಂಡಿರಲಿಲ್ಲ.

ಆಮೇಲೆ ಅತ್ತೆ ಬಂದಳು. ಬಾಯಿ ತೆರೆಯಿತು. ನಿಧಾನವಾಗಿ, ನೀರಿನಿಂದ ತೆಗೆದ ಮೀನಿನ ಹಾಗೆ. ಮುಚ್ಚಿತು. ಹಿನ್ನೆಲೆಯಲ್ಲಿ ಎಲ್ಲಿಂದಲೋ ತಂದ ಪಿಟೀಲು. ಅಷ್ಟೊತ್ತಿಗೆ ಚಿತ್ರ ಬದಲಾಗಿ ಮಗಳ ಬಳೆ ಬಂತು.

ಅತ್ತೆ ಕಾದಳು. ಮತ್ತೆ ಬರುತ್ತದೇನೋ ಎಂದು ಮುಗಿಯುವವರೆಗೂ ಕಾದಳು.

"ಇದೇನ್ಲಾ, ಮೂಗಿ ಥರ ಬಾಯಿ ಬುಡ್ತಾ ಇವ್ನಿ?" ಎಂದಳು. ಟೀವಿಯ ಕಡೆ ಬೆರಳು ತೋರಿಸಿ, "ಪಿಟೀಲು ಯಾರ್ಲಾ ಬಾರಿಸ್ದೋರು? ನಮ್ಮ ಮದ್ವೇಲಿ ಪಿಟೀಲೇ ಇರ್ನಿಲ್ವಲ್ಲಾ."

ನಾನು ಮೊಬೈಲು ತೆಗೆದು, ಈಗಲೇ ಹಾಡು ಅತ್ತೆ, ಹಿಡಿದುಕೊಳ್ಳುತ್ತೇನೆ ಎಂದೆ. ಅವಳು ನನ್ನನ್ನು ನೋಡಿದ ನೋಟ! ಐದನೇ ತರಗತಿಯಲ್ಲಿ ಫೇಲಾಗಿ ಬಂದ ದಿನವೂ ಹಾಗೆ ನೋಡಿರಲಿಲ್ಲ.

"ಹಸೆ ಮ್ಯಾಲೆ ಹೆಣ್ಣಿಲ್ದೆ ಸೋಬಾನ ಹಾಡಿದ್ರೆ ಯಾರ್ಗೆ ಒಳ್ಳೇದಾಯ್ತದ್ಲಾ? ಓದ್ದೋನು ನೀನು. ಮುಂದಿನ ಮದ್ವೆ ಬರ್ಲಿ, ಹಾಡ್ತೀನಿ. ಆವಾಗ ಆ ಅಕ್ಕಿ ಗಂಟಿನೋನ್ನೇ ಕರ್ಸು."

ಮುಂದಿನ ಮದುವೆ ಬೇಗ ಬರಲಿಲ್ಲ. ಅತ್ತೆ ಆ ವರ್ಷದ ಅವರೆಕಾಯಿ ಕಾಲವನ್ನೂ ಕಾಣಲಿಲ್ಲ...

ಹದಿಮೂರನೇ ದಿನ ಮುಗಿದ ಮೇಲೆ ಗಡ್ಡದವರಿಗೆ ಫೋನು ಮಾಡಿದೆ. ಅವರ ಹತ್ತಿರ ಎಲ್ಲಾದರೂ ದನಿ ಇದ್ದೀತೇ ಎಂದು ಕೇಳಲು ಮಾಡಿದ್ದು. ಕೇಳುತ್ತ ಕೇಳುತ್ತ ಗದರಿದ್ದು. ಅವರು ಬೇಸರ ಮಾಡಿಕೊಳ್ಳದೆ ಸಮಾಧಾನ ಹೇಳಿದರು. ಸದ್ದು ಯಾಕೆ ಸಾರ್, ಫೀಲ್ ನೋಡಿ. ಐವತ್ತು ವರ್ಷ ನನ್ನನ್ನು ಬೈದು, ಹರಸಿ, ಉಣ್ಣಲು ಕರೆದ ದನಿ ಹೋಯಿತಲ್ಲ ಎಂದು ನಾನು ಕೇಳಿದರೆ, ಫೀಲ್ ನೋಡಬೇಕಂತೆ! ಇಂದಿಗೂ ಆ ಶಬ್ದ ಕಿವಿಗೆ ಬಿದ್ದರೆ ನನ್ನ ರಕ್ತದೊತ್ತಡ ಏರುತ್ತದೆ.

ಉಳಿದ ಸಿಟ್ಟನ್ನು ಹೊತ್ತುಕೊಂಡು ಸ್ಟುಡಿಯೋಗೆ ಹೋದೆ. ಅವರು ಗಾಜಿನ ಮೇಜಿನ ಹಿಂದೆ ಕೂತು ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು.

"ನೀವಾದ್ರೂ ಯಾರಿಗೂ ಹೇಳ್ದೆ ನಿಮ್ಮ ಕ್ಯಾಮೆರಾದಲ್ಲಿ ಹಿಡ್ಕೋಬಾರ್ದಿತ್ತಾ?" ಎಂದು ಬಾಗಿಲಲ್ಲೇ ಕೂಗಿದೆ.

ಅವರು ಕತ್ತರಿ ಕೆಳಗಿಟ್ಟರು. "ನೀವು ಬ್ಯಾಡ ಅಂದ್ರಲ್ಲ ಮೇಷ್ಟ್ರೇ" ಎಂದರು.

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ಅವರು ಎದುರಿನ ಅಂಗಡಿಯಿಂದ ಟೀ ತರಿಸಿದರು. ಟೀ ಮುಗಿದ ಮೇಲೆ, ಅಂದು ತಾವು ಹಿಡಿದ ಕ್ಯಾಮೆರಾದಲ್ಲಿ ಬಿದ್ದದ್ದೆಲ್ಲ, ಕತ್ತರಿಸದೆ ಇರುವುದು, ಆ ತಂಡದವರ ಬಳಿ ಇರುತ್ತದೆ, ಕೇಳಿ ತನ್ನಿ ಎಂದರು. ಒಂದು ತಿಂಗಳು ಓಡಾಡಿ ತಂದೆ.

ಹಾಡು ಪೂರ್ತಿ ಇತ್ತು. ಸದ್ದಿಲ್ಲ ಎಂದು ಗೊತ್ತಿದ್ದೂ ಮನುಷ್ಯ ಮೊದಲಿನಿಂದ ಕೊನೆಯವರೆಗೆ ಅಲುಗದೆ ನಿಂತು ಹಿಡಿದಿದ್ದರು. ನಾಲ್ಕು ನಿಮಿಷದ ಹಾಡು ಇಪ್ಪತ್ತು ನಿಮಿಷವಾಗಿ ಬಿದ್ದಿತ್ತು. ಅವರು ಮೊದಲು ಮಾಡಿದ ಕೆಲಸವೆಂದರೆ ಐದು ಚಿತ್ರಕ್ಕೆ ನಾಲ್ಕನ್ನು ಬಿಟ್ಟು ಒಂದನ್ನು ಇಟ್ಟುಕೊಂಡದ್ದು. ಆಮೇಲೆ, ನೋಡಿ ಎಂದು ಒತ್ತಿದರು.

ಅತ್ತೆ! ಮೀನು ಹೋಗಿ ಅತ್ತೆ ಬಂದಿದ್ದಳು. ಪಲ್ಲವಿ ತಿರುಗುವ ಮುಂಚೆ ಕಿವಿಯ ಓಲೆ ಮುಟ್ಟಿ ಉಸಿರೆಳೆದುಕೊಳ್ಳುವುದು, ಬೀಗರ ಕಡೆ ಚಟಕ್ಕನೆ ಕುತ್ತಿಗೆ ತಿರುಗಿಸಿ ಕಣ್ಣು ಕಿರಿದು ಮಾಡುವುದು, ಅವರು ನಕ್ಕಾಗ ತಾನು ನಗದೆ ಮುಂದಿನ ಸಾಲಿಗೆ ಹೋಗುವುದು... ಎಲ್ಲ ಅವಳ ಬಿರುಸಿನಲ್ಲೇ ಇತ್ತು. ದನಿಯೊಂದಿಲ್ಲ. ನಾನು ಮುಖ ಒರೆಸಿಕೊಂಡೆ. ಅವರು ಲೆನ್ಸ್ ಒರೆಸತೊಡಗಿದರು.

"ಇನ್ನು ಆ ನೂರಿಪ್ಪತ್ತರ ಕೈಲಿ ಒಂದು ಕೆಲ್ಸ ಮಾಡ್ಸೋಣ" ಎಂದರು ಆಮೇಲೆ.

ಮತ್ತೆ ಅದನ್ನು ನಿಧಾನ ಮಾಡಿ, ತುಟಿಯ ಒಂದೊಂದೇ ಚಲನೆಯನ್ನು ನಿಲ್ಲಿಸಿ ನಿಲ್ಲಿಸಿ, ಹಾಡನ್ನು ಓದಲು ಕೂತೆವು. ಅವರು ಆ ಸೀಮೆಯ ಮದುವೆಗಳಲ್ಲಿ ಅತ್ತೆಯ ಹಾಡನ್ನು ಎಷ್ಟೋ ಸಲ ಕೇಳಿದ್ದವರು. ನಾನು ಅದರ ಕೆಳಗೇ ಬೆಳೆದವನು. ಆದರೂ ಇಬ್ಬರಿಗೂ ತುಂಡು ತುಂಡಾಗಿಯೇ ನೆನಪಿತ್ತು. ಮಧ್ಯಾಹ್ನ ಅಂಗಡಿಗೆ ಗಿರಾಕಿ ಕಡಿಮೆ. ಬಾಗಿಲನ್ನು ಅರ್ಧ ಎಳೆದು, ಅವರ ಅದೇ ನೋಟ್‌ಬುಕ್ ಬಿಡಿಸಿ, ಎರಡು ತಿಂಗಳು ಕೂತೆವು. "ಅವರೆಕಾಯಿ ಸುಲಿಯೋ ಕೈಯ ನೋಡಿ ಒಪ್ಪಿಕೊಳ್ಳಿ ಬೀಗರೇ" ಎಂಬ ಒಂದು ಸಾಲಿಗೆ ಮೂರು ದಿನ ಹಿಡಿಯಿತು. ಸಾಲು ಸಿಕ್ಕ ದಿನ ಅವರು ಎದ್ದುಹೋಗಿ ಮೈಸೂರುಪಾಕು ತಂದರು.

ಒಂದು ಸಾಲು ಮಾತ್ರ ಸಿಗಲಿಲ್ಲ. ಕೊನೆಯದಕ್ಕೆ ಹಿಂದಿನ ಸಾಲು. ಅತ್ತೆ ಬಾಯಿ ತೆರೆಯುತ್ತಿದ್ದಂತೆ ಗಿಂಬಲ್ ಹಿಡಿದ ಮಹನೀಯರು ಅವಳಿಗೂ ನಮಗೂ ನಡುವೆ ಬಂದರು. ಎಂಟು ಸೆಕೆಂಡ್ ನಿಂತು ಹೋಗಿರಬಹುದು. ನೂರಿಪ್ಪತ್ತರ ಕೃಪೆಯಿಂದ ಅದು ನಲವತ್ತು ಸೆಕೆಂಡ್ ಆಗಿತ್ತು. ನಲವತ್ತು ಸೆಕೆಂಡ್ ಆ ಕಪ್ಪು ಟೀಶರ್ಟಿನ ಬೆನ್ನು! ಅದರ ಹೊಲಿಗೆಯ ಒಂದೊಂದು ಎಳೆಯನ್ನೂ ನಾನು ಬಲ್ಲೆ. ಜಗತ್ತಿನಲ್ಲಿ ಯಾರ ಬೆನ್ನನ್ನೂ ನಾನು ಅಷ್ಟು ಹಗೆಯಿಂದ ನೋಡಿಲ್ಲ. ಸ್ಟುಡಿಯೋದವರು ಅಷ್ಟು ಜಾಗವನ್ನು ನೋಟ್‌ಬುಕ್ಕಿನಲ್ಲಿ ಚುಕ್ಕಿಯಿಟ್ಟು ಖಾಲಿ ಬಿಟ್ಟರು. ಮುಂದೆಂದಾದರೂ ಯಾರಿಗಾದರೂ ನೆನಪಾದರೆ ತುಂಬಬಹುದು ಎಂದು ನೋಟ್‌ಬುಕ್ಕನ್ನು ನನ್ನ ಕೈಗೇ ಕೊಟ್ಟರು.

ಯಾರಿಗೂ ನೆನಪಾಗಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಆ ಕಡೆ ಹೋಗುವುದು ಕಡಿಮೆಯಾಯಿತು. ಮದುವೆಗಳಿಗೆ ಅವರನ್ನು ಕರೆಯುವವರೂ ಕಡಿಮೆಯಾದರೆಂದು ಕೇಳಿದೆ. ಇಪ್ಪತ್ತೈದು ಹಳೆಯದಂತೆ. ಮನುಷ್ಯ ಮನುಷ್ಯನ ಹಾಗೆ ನಡೆಯುವುದೇ ಹಳೆಯದಾದ ಮೇಲೆ ಅವರ ತಪ್ಪೇನು? ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, ಗ್ರೂಪ್ ಫೋಟೋ ಮಾತು ಬಂದಾಗ, "ಅವ್ರು ಹೋಗ್ಬುಟ್ರಲ್ಲ ಸಾರ್, ಆಗ್ಲೇ ಆರು ತಿಂಗ್ಳಾಯ್ತು" ಎಂದ. ಹೋಗಿ ನೋಡಿದೆ. ಸ್ಟುಡಿಯೋ ಇದ್ದ ಕಡೆ ಮೊಬೈಲಿನ ಕವರು ಮಾರುತ್ತಿದ್ದರು. ಆ ರೆಕ್ಸಿನ್ ಚೀಲ ಏನಾಯಿತೆಂದು ಯಾರನ್ನು ಕೇಳುವುದು...

"ಸಾರ್?" ಎಂದರು ಪಡಸಾಲೆಯಲ್ಲಿದ್ದ ಮುಖ್ಯಸ್ಥರು. "ಟ್ವೆಂಟಿ ಫೋರಾ, ಸಿಕ್ಸ್ಟಿಯಾ?"

ನಾನು ಒಳಗೆ ಹೋಗಿ ನೋಟ್‌ಬುಕ್ ತಂದೆ. ಅವರ ಎದುರು ಕೂತು, ಕನ್ನಡಕ ಹಾಕಿಕೊಂಡು, ಕೇಳಬೇಕಾದ್ದನ್ನು ಕೇಳಿದೆ.

"ಈ ಮದುವೆಯಲ್ಲಿ ಹಾಡೋರು ಯಾರು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಡಿಜೆ ಹೇಳಿದ್ದಾರಲ್ಲ ಸಾರ್?"

ಅಡುಗೆಮನೆಯ ಕಡೆ ತಿರುಗಿ ಮತ್ತೆ ಕೇಳಿದೆ. ಬಾಣಲೆಯಲ್ಲಿ ಸೌಟಾಡುವ ಸದ್ದು ನಿಂತಿತು.

"ಹಾಡೋಕೆ ಇನ್ಯಾರವ್ರೆ ಭಾವ ನಮ್ಮನೇಲಿ?" ಎಂದಳು ತಮ್ಮನ ಹೆಂಡತಿ.

ನೋಟ್‌ಬುಕ್ಕಿನಲ್ಲಿ ನನ್ನ ಮಗಳ ಮದುವೆಯ ಪುಟ ತೆರೆದುಕೊಂಡಿತ್ತು. ಸ್ಟುಡಿಯೋದವರ ದುಂಡನೆಯ ಅಕ್ಷರ. ಹಾಡೋರು, ಜವಳಗಿರಿ ಅತ್ತೆಮ್ಮ, ಇಪ್ಪತ್ತೈದು. ಬೀಗರ ಕಡೆಯ ತಂಡ ಬರುತ್ತದೆಂದು ಗೊತ್ತಾದ ಮೇಲೂ ಅದನ್ನು ಅವರು ಹೊಡೆದುಹಾಕಿರಲಿಲ್ಲ.

"ಯಾರೂ ಇಲ್ಲವಂತೆ" ಎಂದೆ ಕಪ್ಪು ಟೀಶರ್ಟಿನವರಿಗೆ. "ಹಾಗಾದರೆ ಎಷ್ಟಕ್ಕೆ ಬೇಕಾದರೂ ಇಟ್ಟುಕೊಳ್ಳಿ."

ಅವರು ಸಂತೋಷದಿಂದ ಅರವತ್ತು ಎಂದು ಬರೆದುಕೊಂಡರು.